ಪಿಪಿಗೂ ಓಟು ಹಾಕ್ತೀರೇನಪ್ಪಾ?

2024ರ ಅಕ್ಟೋಬರ್ ಕೊನೆಯ ವಾರ. ದೀಪಾವಳಿ ಹತ್ತಿರ ಬಂದಿತ್ತು. ಫ್ರೀಮಾಂಟ್‌ನ ನಮ್ಮ ಮನೆಯ ಊಟದ ಮೇಜಿನ ಮೇಲೆ ಹಣತೆಯ ಡಬ್ಬಿಯ ಪಕ್ಕ ಮತಪತ್ರದ ಲಕೋಟೆ ಬಿದ್ದಿತ್ತು. ಕ್ಯಾಲಿಫೋರ್ನಿಯಾದಲ್ಲಿ ಮತಪತ್ರ ಅಂಚೆಯಲ್ಲೇ ಮನೆಗೆ ಬರುತ್ತದೆ. ಕಾಫಿ ಕುಡಿಯುತ್ತಾ ಪೆನ್ನಿನಲ್ಲಿ ತುಂಬಿ ವಾಪಸ್ ಹಾಕಬಹುದು. ಅನುಕೂಲವೇನೋ ಸರಿ. ಆದರೆ ಅದರ ಉದ್ದ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಮೇಲೆ ಕಮಲಾ ಹ್ಯಾರಿಸ್, ಟ್ರಂಪ್. ಕೆಳಗಿಳಿದರೆ ಸೆನೆಟರ್, ಶಾಸಕರು, ಶಾಲಾ ಮಂಡಳಿ, ಸಾಲ ಎತ್ತಬೇಕೋ ಬೇಡವೋ, ಬಾಡಿಗೆ ಕಾಯ್ದೆ, ಕಳ್ಳತನದ ಕಾಯ್ದೆ. ಇಷ್ಟರ ನಡುವೆ ಒಂದು ಪ್ರಶ್ನೆ: ಆಲಮೀಡಾ ಕೌಂಟಿಯ ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಡಿಎ, ಪಮೇಲಾ ಪ್ರೈಸ್ ಅವರನ್ನು ಹುದ್ದೆಯಿಂದ ಇಳಿಸಬೇಕೇ? ಹೌದು ಅಥವಾ ಇಲ್ಲ.

ನಾನು ಅದನ್ನು ಹಿಡಿದು ಕೂತಿದ್ದಾಗಲೇ ಊರಿಂದ ಚಿಕ್ಕಪ್ಪ ವಿಡಿಯೊ ಕಾಲ್ ಮಾಡಿದರು. ಏನು ಓದ್ತಿದ್ದೀಯ ಅಂದರು. ಹೇಳಿದೆ.

"ಅಂದ್ರೆ ನಮ್ಮ ಕೋರ್ಟಲ್ಲಿ ಸರ್ಕಾರದ ಪರ ವಾದಿಸೋ ಪಿಪಿ, ಪಬ್ಲಿಕ್ ಪ್ರಾಸಿಕ್ಯೂಟರ್ ಇರ್ತಾರಲ್ಲ, ಅವರ ಥರಾನಾ?"

"ಹೂಂ ಚಿಕ್ಕಪ್ಪ. ಇಡೀ ಜಿಲ್ಲೆಗೆ ಅವರೇ ದೊಡ್ಡ ಪಿಪಿ."

"ಪಿಪಿಗೂ ಓಟು ಹಾಕ್ತೀರೇನಪ್ಪಾ!" ಅಂತ ಜೋರಾಗಿ ನಕ್ಕರು. "ನಮ್ಗೆ ಇಲ್ಲಿ ಪಂಚಾಯ್ತಿ, ಡೇರಿ, ಸೊಸೈಟಿ ಎಲೆಕ್ಷನ್ನೇ ಸಾಕಾಗೋಗಿದೆ."

ಅವರು ನಗುವುದಕ್ಕೆ ಕಾರಣವಿತ್ತು. ಮೂರು ವರ್ಷದಿಂದ ಅವರು ಒಂದು ಕೇಸಿನಲ್ಲಿ ಸಾಕ್ಷಿಯಾಗಿ ಕೋರ್ಟಿಗೆ ಅಲೆಯುತ್ತಿದ್ದಾರೆ. ಅಷ್ಟೂ ದಿನದಲ್ಲಿ ಆ ಕೇಸು ನಡೆಸುವ ಸರ್ಕಾರಿ ವಕೀಲರ ಹೆಸರು ಅವರಿಗೆ ಗೊತ್ತಾಗಿಲ್ಲ. ಆ ಕಥೆಗೆ ಆಮೇಲೆ ಬರುತ್ತೇನೆ.

ಇಲ್ಲಿ ಡಿಎ ಅಂದರೆ ಎಷ್ಟು ದೊಡ್ಡ ಕುರ್ಚಿ ಅಂತ ನಮ್ಮವರಿಗೆ ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ನಮ್ಮಲ್ಲಿ ತನಿಖೆ ಪೊಲೀಸರದ್ದು, ಚಾರ್ಜ್‌ಶೀಟ್ ಹಾಕುವುದೂ ಪೊಲೀಸರೇ. ಪಿಪಿ ಆ ಕಡತ ಹಿಡಿದು ವಾದಿಸುತ್ತಾರೆ. ಇಲ್ಲಿ ಪೊಲೀಸರು ಹಿಡಿದು ತಂದು ಕೈ ತೊಳೆದುಕೊಳ್ಳುತ್ತಾರೆ. ಕೇಸು ಹಾಕಬೇಕೋ ಬೇಡವೋ, ಯಾವ ಕಲಮು, ಸಣ್ಣ ಅಪರಾಧವೋ ದೊಡ್ಡ ಅಪರಾಧವೋ, ಇವೆಲ್ಲ ಡಿಎ ಕೈಯಲ್ಲಿ. ಕೇಸು ಹಾಕುವುದಿಲ್ಲ ಅಂತ ಡಿಎ ಕೂತರೆ, ಹಾಕಿ ಅಂತ ಗಟ್ಟಿಯಾಗಿ ಹೇಳುವವರು ಯಾರೂ ಇಲ್ಲ.

ಇನ್ನು ಹಾಕಿದ ಕೇಸುಗಳು. ಸಿನಿಮಾದಲ್ಲಿ ಕಾಣುವ ಜ್ಯೂರಿ (ತೀರ್ಪು ಹೇಳಲು ಆರಿಸಿ ಕೂರಿಸುವ ಸಾಮಾನ್ಯ ಜನ), ವಾದ, ಕಣ್ಣೀರು, ಇವೆಲ್ಲ ಅಪರೂಪದ ಹಬ್ಬದೂಟ. ದಿನದ ಊಟ ಬೇರೆ. 2012ರಲ್ಲಿ ಇಲ್ಲಿಯ ಸುಪ್ರೀಂ ಕೋರ್ಟೇ ಒಂದು ತೀರ್ಪಿನಲ್ಲಿ ಹೇಳಿತು: ಶಿಕ್ಷೆಯಾದ ಫೆಡರಲ್ ಕೇಸುಗಳಲ್ಲಿ ನೂರಕ್ಕೆ 97, ರಾಜ್ಯಗಳ ಕೇಸುಗಳಲ್ಲಿ ನೂರಕ್ಕೆ 94 ಆರೋಪಿಯೇ ತಪ್ಪೊಪ್ಪಿಕೊಂಡು ಮುಗಿದದ್ದು. ಅದಕ್ಕೆ ಪ್ಲೀ ಬಾರ್ಗೇನ್ ಅನ್ನುತ್ತಾರೆ. ಅಪ್ಪಟ ಚೌಕಾಸಿ. ಒಪ್ಪಿಕೋ, ಎರಡು ವರ್ಷ. ಒಪ್ಪಲ್ವಾ, ಹತ್ತು ವರ್ಷದ ಕಲಮು ಹಾಕ್ತೀನಿ.

ಈ ಚೌಕಾಸಿ ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ಕೆಂಟಕಿಯ ಒಂದು ಹಳೆಯ ಕೇಸಿದೆ. ಹೇಯ್ಸ್ ಅನ್ನುವವನು 88 ಡಾಲರ್ 30 ಸೆಂಟಿನ ಖೋಟಾ ಚೆಕ್ ನಡೆಸಲು ಹೋಗಿ ಸಿಕ್ಕಿಬಿದ್ದ. ಅದಕ್ಕೆ ಕಾನೂನಿನಲ್ಲಿ ಎರಡರಿಂದ ಹತ್ತು ವರ್ಷ. ಪ್ರಾಸಿಕ್ಯೂಟರ್ ಐದು ವರ್ಷಕ್ಕೆ ಒಪ್ಪಿಕೋ ಅಂದರು. ಕೋರ್ಟಿಗೆ ವಿಚಾರಣೆಯ ತೊಂದರೆ ಕೊಟ್ಟರೆ ನಿನ್ನ ಹಳೆಯ ಎರಡು ಅಪರಾಧ ಸೇರಿಸಿ ಚಾಳಿಬಿದ್ದ ಅಪರಾಧಿಯ ಕಾಯ್ದೆ ಹಾಕ್ತೀನಿ ಅಂದರು. ಅವನು ಒಪ್ಪಲಿಲ್ಲ. ಅವರು ಹೇಳಿದಂತೆಯೇ ಮಾಡಿದರು. ಜೀವಾವಧಿ. 1978ರಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಇದರಲ್ಲಿ ತಪ್ಪೇನಿಲ್ಲ ಅಂದಿತು. 88 ಡಾಲರ್ ಅಂದರೆ ಇವತ್ತು ನಮ್ಮ ಮನೆಯ ಒಂದು ವಾರದ ತರಕಾರಿ, ಹಾಲು, ಮೊಸರು. ಆ ಚೆಕ್ಕಿಗೆ ಐದು ವರ್ಷವೋ ಜೀವಾವಧಿಯೋ ಅನ್ನುವುದನ್ನು ನಿಜಕ್ಕೂ ಆರಿಸಿದವರು ಜಡ್ಜ್ ಅಲ್ಲ, ಜ್ಯೂರಿಯೂ ಅಲ್ಲ.

ಇಂಥ ಕುರ್ಚಿಗೆ ಚುನಾವಣೆ ಶುರುವಾಗಿದ್ದು 1832ರಲ್ಲಿ, ಮಿಸಿಸಿಪ್ಪಿ ರಾಜ್ಯದಲ್ಲಿ. ಈಗ ನಾಲ್ಕೈದು ರಾಜ್ಯ ಬಿಟ್ಟರೆ ಎಲ್ಲ ಕಡೆಯೂ ಸ್ಥಳೀಯ ಪ್ರಾಸಿಕ್ಯೂಟರ್ ಜನರಿಂದ ಆರಿಸಿ ಬಂದವರೇ. ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲಿ 58 ಡಿಎಗಳು. ನಮ್ಮ ಆಲಮೀಡಾದಲ್ಲಿ ಸುಮಾರು 16 ಲಕ್ಷ ಜನ, ಹೆಚ್ಚುಕಡಿಮೆ ಹಾಸನ ಜಿಲ್ಲೆಯಷ್ಟು. ಓಕ್ಲೆಂಡ್, ಬರ್ಕ್ಲಿ, ಹೇವರ್ಡ್, ಫ್ರೀಮಾಂಟ್ ಎಲ್ಲ ಇದರೊಳಗೇ ಬರುತ್ತವೆ. ಈ ಕುರ್ಚಿಯಲ್ಲಿ 1925ರಿಂದ 14 ವರ್ಷ ಕೂತಿದ್ದ ಅರ್ಲ್ ವಾರನ್ ಆಮೇಲೆ ದೇಶದ ಮುಖ್ಯ ನ್ಯಾಯಮೂರ್ತಿಯಾದರು. ಕರಿಯರಿಗೆ ಬೇರೆ ಶಾಲೆ ಅನ್ನುವುದು ತಪ್ಪು ಅಂದ 1954ರ ತೀರ್ಪು ಅವರದ್ದೇ. ನಡುವೆ ರಾಜ್ಯದ ಅಟಾರ್ನಿ ಜನರಲ್ ಆಗಿದ್ದಾಗ, ಯುದ್ಧದ ಕಾಲದಲ್ಲಿ, ಜಪಾನಿ ಮೂಲದವರನ್ನು ಶಿಬಿರಗಳಿಗೆ ಸಾಗಿಸುವುದಕ್ಕೆ ಬೆಂಬಲ ಕೊಟ್ಟವರೂ ಅವರೇ. ಓಟಿಗೆ ನಿಲ್ಲಬೇಕಾದ ಮನುಷ್ಯ ಮತ್ತು ಓಟಿನ ಹಂಗು ಕಳೆದ ಮನುಷ್ಯ, ಇಬ್ಬರೂ ಒಬ್ಬರೇ ಆಗಿದ್ದರು ಅಂತ ನನಗೆ ಆಗಾಗ ಅನ್ನಿಸುತ್ತದೆ. ಕಮಲಾ ಹ್ಯಾರಿಸ್ 1990ರಲ್ಲಿ ಕೆಲಸಕ್ಕೆ ಸೇರಿದ್ದೂ ಇದೇ ಕಚೇರಿಗೆ. ಅಂದರೆ ನನ್ನ ಮತಪತ್ರದ ತಲೆಯಲ್ಲೂ ಬಾಲದಲ್ಲೂ ಒಂದೇ ಕಚೇರಿ ಇತ್ತು.

ಬಹಳ ಕಾಲ ಈ ಚುನಾವಣೆ ಅಂದರೆ ಯಾರಿಗೂ ಬೇಡದ ಶಾಸ್ತ್ರ. ಕುರ್ಚಿಯಲ್ಲಿದ್ದವರ ಎದುರು ಯಾರೂ ನಿಲ್ಲುತ್ತಿರಲಿಲ್ಲ. ನಿಂತರೂ ನಾನು ಹೆಚ್ಚು ಜನರನ್ನು ಜೈಲಿಗೆ ಹಾಕಿಸ್ತೀನಿ ಅನ್ನುವ ಪೈಪೋಟಿ. ಸುಮಾರು ಹತ್ತು ವರ್ಷದ ಹಿಂದೆ ಗಾಳಿ ತಿರುಗಿತು. ದೇಶದ ಜೈಲುಗಳಲ್ಲಿ ಇಪ್ಪತ್ತು ಲಕ್ಷದ ಹತ್ತಿರ ಜನ ಇದ್ದಾರೆ, ಅದನ್ನು ಕಡಿಮೆ ಮಾಡಬೇಕಾದರೆ ಕಾಯ್ದೆ ಬದಲಾಗಲಿ ಅಂತ ಕಾಯುವುದಕ್ಕಿಂತ ಡಿಎಯನ್ನು ಬದಲಿಸುವುದೇ ಸುಲಭ ಅನ್ನುವುದು ಸುಧಾರಣೆಯವರಿಗೆ ಹೊಳೆಯಿತು. 2016ರಲ್ಲಿ ಶಿಕಾಗೊದಲ್ಲಿ ಕಿಮ್ ಫಾಕ್ಸ್. 2017ರಲ್ಲಿ ಫಿಲಡೆಲ್ಫಿಯಾದಲ್ಲಿ ಲ್ಯಾರಿ ಕ್ರಾಸ್ನರ್, ಅದುವರೆಗೂ ಪೊಲೀಸರ ಮೇಲೆ ಕೇಸು ಹಾಕಿಕೊಂಡೇ ಬಂದಿದ್ದ ವಕೀಲ. ಅವರ ಪ್ರಚಾರಕ್ಕೆ ಭಾರೀ ಶ್ರೀಮಂತ ಜಾರ್ಜ್ ಸೊರೋಸ್ ಕಡೆಯ ಗುಂಪು ಹತ್ತು ಲಕ್ಷ ಡಾಲರ್‌ಗೂ ಜಾಸ್ತಿ ಸುರಿಯಿತು. 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚೇಸಾ ಬೂಡಿನ್. 2022ರಲ್ಲಿ ನಮ್ಮಲ್ಲಿ ಪಮೇಲಾ ಪ್ರೈಸ್, ಈ ಕೌಂಟಿಯ ಮೊದಲ ಕಪ್ಪು ಮಹಿಳಾ ಡಿಎ, ಕಚೇರಿಯ ಹೊರಗಿನಿಂದ ಬಂದ ನಾಗರಿಕ ಹಕ್ಕುಗಳ ವಕೀಲೆ.

ನಾನು ಓಟಿನ ಹಕ್ಕು ಬಂದ ಮೇಲೆ ಹಾಕಿದ ಮೊದಲ ಓಟು ಆ 2022ರದ್ದು. ಡಿಎ ಅಂಕಣ ಖಾಲಿ ಬಿಟ್ಟೆ. ಇಬ್ಬರಲ್ಲಿ ಯಾರೂ ಗೊತ್ತಿರಲಿಲ್ಲ, ತಿಳಿದುಕೊಳ್ಳುವ ಹುಮ್ಮಸ್ಸೂ ಇರಲಿಲ್ಲ. ಸುಮ್ನೆ ಬಿಟ್ಟೆ.

ಹುಮ್ಮಸ್ಸು ಬಂದಿದ್ದು 2023ರ ಚಳಿಗಾಲದಲ್ಲಿ. ಪಕ್ಕದ ಊರೊಂದರಲ್ಲಿ ಗೆಳೆಯರ ಜೊತೆ ರಾತ್ರಿ ಊಟ ಮುಗಿಸಿ ಹೊರಬಂದರೆ ಕಾರಿನ ಹಿಂದಿನ ಗಾಜು ಪುಡಿಪುಡಿ. ಆಫೀಸಿನ ಲ್ಯಾಪ್‌ಟಾಪ್ ಬ್ಯಾಗ್ ಹೋಗಿತ್ತು. ಮಗಳ ಭರತನಾಟ್ಯದ ಗೆಜ್ಜೆ ಇಟ್ಟಿದ್ದ ಚೀಲವೂ ಹೋಗಿತ್ತು. ಗೆಜ್ಜೆ ಅವರಿಗೆ ಯಾವ ಕೆಲಸಕ್ಕೆ ಬಂತೋ ದೇವರಿಗೇ ಗೊತ್ತು. ಪೊಲೀಸರಿಗೆ ಫೋನ್ ಮಾಡಿದರೆ ಆನ್‌ಲೈನ್‌ನಲ್ಲಿ ಫಾರಂ ತುಂಬಿ ಅಂದರು. ತುಂಬಿದೆ, ಒಂದು ನಂಬರ್ ಬಂತು. ಇನ್ಶೂರೆನ್ಸ್‌ಗೆ ಆ ನಂಬರ್ ಕೊಟ್ಟೆ. ಅಲ್ಲಿಗೆ ನನ್ನ ಕೇಸು ಮುಗಿಯಿತು. ತಿಂಗಳುಗಟ್ಟಲೆ ಸೀಟಿನ ಸಂದಿಯಲ್ಲಿ ಗಾಜಿನ ಚೂರು ಸಿಗುತ್ತಲೇ ಇತ್ತು.

ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಹತ್ತು ನಿಮಿಷದಲ್ಲಿ ಹದಿನೈದು ಉತ್ತರ. ಎಲ್ಲರದ್ದೂ ಒಂದೇ ಮಾತು: ಈ ಡಿಎ ಇರುವವರೆಗೆ ಇಷ್ಟೇ. ಅಷ್ಟು ಹೊತ್ತಿಗೆ ಪ್ರೈಸ್ ಶಿಕ್ಷೆ ಹೆಚ್ಚಿಸುವ ಸೇರಿಕೆ ಆರೋಪಗಳನ್ನು ಕಡಿಮೆ ಮಾಡಿ ಅಂತ ಕಚೇರಿಗೆ ಹೊಸ ನೀತಿ ಬರೆದಿದ್ದರು. ಹಳಬರು ಅನೇಕರು ಬಿಟ್ಟುಹೋಗಿದ್ದರು. ಸತ್ತವರ ಮನೆಯವರು ಕಚೇರಿ ನಮ್ಮ ಮಾತು ಕೇಳಲಿಲ್ಲ ಅಂತ ಟಿವಿಯಲ್ಲಿ ಅಳುತ್ತಿದ್ದರು. ಹೆದ್ದಾರಿಯಲ್ಲಿ ಯಾರೋ ಯಾರಿಗೋ ಹೊಡೆದ ಗುಂಡು ಕಾರಿನಲ್ಲಿ ಮಲಗಿದ್ದ ಕೂಸಿಗೆ ತಾಗಿದ ಊರು ಇದು. ಆ ಸಂಕಟ ನಿಜ, ನಾನೂ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಅದೇ ರಸ್ತೆಯಲ್ಲಿ ಹೋಗುವವನು.

ಹಾಗಾಗಿ ಆ ಅಕ್ಟೋಬರ್‌ನಲ್ಲಿ, ಚಿಕ್ಕಪ್ಪನ ಫೋನ್ ಇಟ್ಟಮೇಲೆ, ನಾನು ಹೌದು ಅನ್ನುವ ಚೌಕವನ್ನು ಕಪ್ಪಾಗಿ ತುಂಬಿದೆ. ಇಳಿಸಿ ಅಂತ. ನನ್ನಂತೆ ಹಾಕಿದವರು ಸುಮಾರು ನೂರಕ್ಕೆ 63 ಜನ. ಎರಡು ವರ್ಷವೂ ತುಂಬುವ ಮೊದಲೇ ಪ್ರೈಸ್ ಮನೆಗೆ ಹೋದರು. ಓಕ್ಲೆಂಡ್ ಮೇಯರ್ ಕೂಡ ಅದೇ ದಿನ ಹೋದರು. 2022ರ ಜೂನ್‌ನಲ್ಲಿ ಬೂಡಿನ್ ಹೀಗೇ ಹೋಗಿದ್ದರು. ಲಾಸ್ ಏಂಜಲೀಸ್‌ನಲ್ಲಿ ಸುಧಾರಣೆಯವರದ್ದೇ ಇನ್ನೊಬ್ಬ ಡಿಎ ಗ್ಯಾಸ್ಕೊನ್ ಅದೇ 2024ರಲ್ಲಿ ಸೋತರು. ಅದೇ ಮತಪತ್ರದಲ್ಲಿದ್ದ ಪ್ರಾಪೊಸಿಷನ್ 36, ಅಂದರೆ ಕಳ್ಳತನ ಮತ್ತು ಡ್ರಗ್ಸ್‌ಗೆ ಶಿಕ್ಷೆ ಬಿಗಿ ಮಾಡುವ ಕಾಯ್ದೆ, ನೂರಕ್ಕೆ 68ರಷ್ಟು ಓಟಿನಲ್ಲಿ ಗೆದ್ದಿತು. ಹತ್ತು ವರ್ಷದ ಹಿಂದೆ ಇದೇ ರಾಜ್ಯದ ಜನ ಪ್ರಾಪೊಸಿಷನ್ 47 ಗೆಲ್ಲಿಸಿ 950 ಡಾಲರ್ ಒಳಗಿನ ಕಳ್ಳತನವನ್ನು ಸಣ್ಣ ಅಪರಾಧ ಮಾಡಿದ್ದರು.

ಓಟು ಹಾಕಿ ಒಂದೆರಡು ವಾರ ಕಳೆದಮೇಲೆ ನನಗೆ ಒಂದು ವಿಷಯ ತಲೆಗೆ ಹೊಳೆಯಿತು. ಹೊಳೆದದ್ದು ಕಾರ್ ತೊಳೆಯುವಾಗ, ಮತ್ತೊಂದು ಗಾಜಿನ ಚೂರು ಬೆರಳಿಗೆ ಚುಚ್ಚಿದಾಗ. ನನ್ನ ಕೇಸಿನಲ್ಲಿ ಕಳ್ಳ ಸಿಕ್ಕಿಯೇ ಇರಲಿಲ್ಲವಲ್ಲ! ಯಾರನ್ನೂ ಹಿಡಿಯಲಿಲ್ಲ. ಹಿಡಿಯದ ಮೇಲೆ ಡಿಎ ಕಚೇರಿಗೆ ನನ್ನ ಕಡತ ಹೋಗುವ ಪ್ರಶ್ನೆಯೇ ಇಲ್ಲ. ಬಿಡುವುದಕ್ಕೂ ಹಾಕುವುದಕ್ಕೂ ಅವರ ಕೈಯಲ್ಲಿ ಏನೂ ಇರಲಿಲ್ಲ. ಬೀಗ ಹಾಕಿದ ಕಾರು ಒಡೆದರೆ ಆ 950 ಡಾಲರಿನ ರಿಯಾಯಿತಿ ಲೆಕ್ಕಕ್ಕೇ ಬರುವುದಿಲ್ಲ, ಅದನ್ನು ದೊಡ್ಡ ಅಪರಾಧ ಮಾಡಬಹುದು ಅನ್ನುವುದೂ ಆಮೇಲೆಯೇ ಗೊತ್ತಾಗಿದ್ದು. ಕಾರಿನ ಗಾಜು ಒಡೆಯುವವರಲ್ಲಿ ಸಿಗುವವರೇ ಕಡಿಮೆ. ನಾನು ಸಿಟ್ಟು ತೀರಿಸಿಕೊಂಡಿದ್ದು ನನ್ನ ಕೇಸನ್ನು ಮುಟ್ಟಿಯೇ ಇರದ ಒಬ್ಬ ಹೆಂಗಸಿನ ಮೇಲೆ. ಯಾಕೆ? ಅವರ ಹೆಸರು ಗೊತ್ತಿತ್ತು. ಅವರ ಹೆಸರಿನ ಮುಂದೆ ತುಂಬಲು ಒಂದು ಚೌಕವಿತ್ತು. ಆನ್‌ಲೈನ್ ಫಾರಮ್ಮಿನ ಹಿಂದೆ ಯಾರಿದ್ದರು ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ.

2020ರಲ್ಲಿ ಇಡೀ ಅಮೆರಿಕದಲ್ಲಿ ಕೊಲೆಗಳು ಮೂವತ್ತು ಪರ್ಸೆಂಟ್ ಹತ್ತಿರ ಏರಿದವು. ಬಿಗಿ ಡಿಎ ಇದ್ದ ಕಡೆಯೂ ಏರಿದವು, ಸಡಿಲ ಡಿಎ ಇದ್ದ ಕಡೆಯೂ ಏರಿದವು. ಆಮೇಲೆ ಇಳಿದವು, ಎಲ್ಲ ಕಡೆ. ಪ್ರೈಸ್ ಕುರ್ಚಿಯಲ್ಲಿದ್ದ 2024ರಲ್ಲೇ ಓಕ್ಲೆಂಡ್‌ನಲ್ಲಿ ಕೊಲೆ ಕಡಿಮೆಯಾಗುತ್ತಿತ್ತು. ಮಳೆ ಬಂದರೂ ಬರದಿದ್ದರೂ ಊರ ಪೂಜಾರಿಯನ್ನೇ ಹಿಡಿದು ಕೇಳುವ ಹಾಗೆ ನಾವು ಡಿಎಯನ್ನು ಕೇಳಿದೆವು.

ಹಾಗಂತ ಈ ಚುನಾವಣೆಯೇ ದಂಡ ಅನ್ನಲಾರೆ. 2024ರ ಏಪ್ರಿಲ್‌ನಲ್ಲಿ ಒಂದು ಸುದ್ದಿ ಬಂತು. ಮರಣದಂಡನೆಯ ಒಂದು ಹಳೆಯ ಕೇಸಿನ ಕಡತದಲ್ಲಿ, ಇದೇ ಆಲಮೀಡಾ ಕಚೇರಿಯಲ್ಲಿ, ಜ್ಯೂರಿ ಆರಿಸುವಾಗ ಪ್ರಾಸಿಕ್ಯೂಟರ್‌ಗಳು ಬರೆದುಕೊಂಡ ಟಿಪ್ಪಣಿಗಳು ಸಿಕ್ಕಿದ್ದವು. ಯಹೂದಿಗಳನ್ನೂ ಕಪ್ಪು ಜನರನ್ನೂ ಜ್ಯೂರಿಯಿಂದ ಬೇಕಂತಲೇ ಹೊರಗಿಟ್ಟ ಗುರುತುಗಳು. ಅವರು ಮರಣದಂಡನೆಗೆ ಒಪ್ಪಲಿಕ್ಕಿಲ್ಲ ಅನ್ನುವ ಲೆಕ್ಕ. ಫೆಡರಲ್ ಜಡ್ಜ್ ವಿನ್ಸ್ ಛಾಬ್ರಿಯಾ ಅವರ ಆದೇಶದಂತೆ 35 ಮರಣದಂಡನೆ ಕೇಸುಗಳನ್ನು ಮತ್ತೆ ನೋಡಲು ಶುರುಮಾಡಿದರು. ಹಳಬರಿಂದ ಹಳಬರಿಗೇ ಕುರ್ಚಿ ದಾಟುತ್ತಿದ್ದ ಕಚೇರಿ ಅದು. ಆ ಬೀರುವಿನ ಕೀಲಿ ಹೊರಗಿನವರ ಕೈಗೆ ಬಂದದ್ದು ಚುನಾವಣೆಯಿಂದ. ಪರೀಕ್ಷೆ ಬರೆದು ಒಳಗೇ ಬೆಳೆದ ಅಧಿಕಾರಿಯಾಗಿದ್ದರೆ ತಮ್ಮ ಗುರುಗಳ ಕಾಗದವನ್ನು ಹೀಗೆ ಬೀದಿಗೆ ಇಡುತ್ತಿದ್ದರಾ? ನನಗೆ ಅನುಮಾನ. ನಾನು ಹೌದು ಅಂತ ತುಂಬುವಾಗ ಈ ಸುದ್ದಿ ಓದಿದ್ದೆ. ಗಾಜಿನ ಚೂರಿನ ಎದುರು ಅದು ನೆನಪಿಗೇ ಬರಲಿಲ್ಲ.

ಇನ್ನೊಂದು ಸಂಗತಿ. ಪರಿಚಯದ ಒಬ್ಬ ಹುಡುಗ, ದಾವಣಗೆರೆ ಕಡೆಯವನು, ಎಚ್‌ಒನ್‌ಬಿ ಕೆಲಸದ ವೀಸಾ ಮೇಲೆ ಇದ್ದಾನೆ. ಅಂಗಡಿಯಲ್ಲಿ ತಾನೇ ಸ್ಕ್ಯಾನ್ ಮಾಡುವ ಯಂತ್ರದಲ್ಲಿ ನಾಲ್ಕು ಸಾಮಾನು ಸ್ಕ್ಯಾನ್ ಆಗದೆ ಚೀಲಕ್ಕೆ ಬಿದ್ದವು. ಆಗಲಿಲ್ಲವೋ, ಮಾಡಲಿಲ್ಲವೋ, ಅವನನ್ನು ನಾನು ಕೇಳಿಲ್ಲ. ಬಾಗಿಲಲ್ಲಿ ಹಿಡಿದರು, ಪೊಲೀಸರು ಚೀಟಿ ಕೊಟ್ಟರು. ನಲವತ್ತು ಡಾಲರ್ ಸಾಮಾನು. ಕಳ್ಳತನದ ಕೇಸು ದಾಖಲಾಗಿ ಒಪ್ಪಿಕೊಂಡರೆ ದಂಡ ಕಟ್ಟಿ ಮನೆಗೆ ಹೋಗಬಹುದು, ಆದರೆ ವೀಸಾ ಸ್ಟ್ಯಾಂಪಿಂಗ್‌ಗೆ ಬೆಂಗಳೂರಿಗೆ ಹೋದರೆ ವಾಪಸ್ ಬರುವ ಗ್ಯಾರಂಟಿ ಇಲ್ಲ. ಒಂದು ತಿಂಗಳು ಅವನು ನಿದ್ದೆ ಮಾಡಲಿಲ್ಲ, ಊರಲ್ಲಿ ಅಪ್ಪ ಅಮ್ಮನಿಗೆ ಹೇಳಲಿಲ್ಲ. ಕೊನೆಗೆ ಒಂದು ಕ್ಲಾಸಿಗೆ ಕೂತು ಬಾ, ಕೇಸು ಹಾಕುವುದಿಲ್ಲ ಅಂತ ಡಿಎ ಕಚೇರಿಯಿಂದ ಕಾಗದ ಬಂತು. ಅವನು ಆ ಕಾಗದ ತೋರಿಸಲು ಮನೆಗೇ ಬಂದಿದ್ದ, ಕೈ ನಡುಗುತ್ತಿತ್ತು. ನಮ್ಮ ವಾಟ್ಸಾಪ್ ಗುಂಪಿನ ಲೆಕ್ಕದಲ್ಲಿ ಅದು ಕಳ್ಳರನ್ನು ಬಿಡುವ ಡಿಎ ನೀತಿ. ಹುಡುಗ ಆ ಗುಂಪಿನಲ್ಲೇ ಇದ್ದಾನೆ. ಏನೂ ಬರೆಯುವುದಿಲ್ಲ.

ಈಗ ಚಿಕ್ಕಪ್ಪನ ಕೇಸು. ತುಮಕೂರು ಜಿಲ್ಲೆಯ ನಮ್ಮೂರಿನಲ್ಲಿ ಒಂದೇ ರಾತ್ರಿ ಐದಾರು ತೋಟದ ಬೋರ್‌ವೆಲ್ ಕೇಬಲ್ ಕತ್ತರಿಸಿಕೊಂಡು ಹೋದರು. ಒಳಗಿನ ತಾಮ್ರಕ್ಕೆ ಗುಜರಿಯಲ್ಲಿ ಒಳ್ಳೇ ರೇಟು. ವಾರದೊಳಗೆ ಇಬ್ಬರು ಹುಡುಗರು ಸುಟ್ಟ ತಾಮ್ರದ ಸುರುಳಿ ಸಮೇತ ಸಿಕ್ಕರು. ಆಗ ಟೀ ಅಂಗಡಿ ಮುಂದೆ ನಿಂತಿದ್ದ ಚಿಕ್ಕಪ್ಪನನ್ನು ಪೊಲೀಸರು ಕರೆದು ಪಂಚನಾಮೆಗೆ ಸಹಿ ಹಾಕಿಸಿದರು. ಅವತ್ತಿನಿಂದ ಅವರು ಪಂಚ ಸಾಕ್ಷಿ. ಮೊದಲ ವಾಯ್ದೆಗೆ ಹೋದರೆ ಆರೋಪಿ ಬಂದಿಲ್ಲ. ಎರಡನೆಯದಕ್ಕೆ ವಕೀಲರು ಕಲಾಪಕ್ಕೆ ಬಹಿಷ್ಕಾರ. ಮೂರನೆಯದಕ್ಕೆ ಜಡ್ಜ್ ಸಾಹೇಬರು ರಜೆ. ನಾಲ್ಕನೆಯದಕ್ಕೆ ಎಲ್ಲರೂ ಇದ್ದರು, ಮುದ್ದೆಮಾಲು, ಅಂದರೆ ಹಿಡಿದ ಆ ತಾಮ್ರ, ಸ್ಟೇಷನ್ನಿಂದ ಬಂದಿರಲಿಲ್ಲ. ಪ್ರತಿ ಸಲ ಬೆಳಗ್ಗೆ ಹಾಲು ಹಾಕಿ, ಬಿಳಿ ಅಂಗಿ ತೊಟ್ಟು, ಎಂಟೂವರೆ ಬಸ್ಸು ಹಿಡಿಯುವುದು. ಸಂಜೆ ಇನ್ನೊಂದು ತಾರೀಕು ಬರೆದುಕೊಂಡು ವಾಪಸ್.

ಇಷ್ಟರಲ್ಲಿ ಎಪಿಪಿ, ಅಂದರೆ ಕೆಳಗಿನ ಕೋರ್ಟಿನ ಸಹಾಯಕ ಪಿಪಿ, ಮೂರು ಸಲ ಬದಲಾಗಿದ್ದಾರೆ. ಒಮ್ಮೆ ಮಾತ್ರ ಒಬ್ಬರು ಕಾರಿಡಾರಿನಲ್ಲಿ ಐದು ನಿಮಿಷ ನಿಲ್ಲಿಸಿಕೊಂಡು, ಕಡತ ತಿರುವುತ್ತಾ, ಏನು ನೋಡಿದ್ರಿ ಹೇಳಿ ಅಂದರಂತೆ. ಅವರನ್ನೂ ಬೈಯುವ ಹಾಗಿಲ್ಲ. ಕಂಕುಳಲ್ಲಿ ಅಂಥ ಮೂವತ್ತು ಕಡತ ಇದ್ದವಂತೆ. ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಮಾವ ಜಾಮೀನು ಕೊಟ್ಟ. ಇನ್ನೊಬ್ಬನಿಗೆ ಪಹಣಿ ಇಟ್ಟು ಜಾಮೀನು ನಿಲ್ಲುವವರು ಯಾರೂ ಇಲ್ಲದೆ ಏಳೆಂಟು ತಿಂಗಳು ಒಳಗೇ ಇದ್ದ. ಆರೇಳು ಸಾವಿರದ ಕೇಬಲ್ಲಿಗೆ, ಅಪರಾಧ ಸಾಬೀತಾಗುವ ಮೊದಲೇ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5.73 ಲಕ್ಷ. ಅವರಲ್ಲಿ ನಾಲ್ಕರಲ್ಲಿ ಮೂವರು ಇವನಂಥ ವಿಚಾರಣಾಧೀನರು.

ಇಲ್ಲಿ ಚೌಕಾಸಿ ಮಾಡಿ ಒಪ್ಪಿಸುತ್ತಾರೆ, ಅಲ್ಲಿ ಕಾಯಿಸಿ ಕಾಯಿಸಿಯೇ ಶಿಕ್ಷೆ ಮುಗಿಸುತ್ತಾರೆ. ನಮ್ಮಲ್ಲೂ 2006ರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ ಪ್ಲೀ ಬಾರ್ಗೇನಿಂಗ್ ಇದೆ. ಬಳಸುವವರು ತೀರಾ ಕಡಿಮೆ. ಬಳಸದಿದ್ದದ್ದೇ ಒಳ್ಳೆಯದಾಯಿತೇನೋ ಅಂತ ಹೇಯ್ಸ್ ಕಥೆ ಓದಿದಮೇಲೆ ಅನ್ನಿಸಿದೆ.

ನಮ್ಮ ಪಿಪಿ ಬರುವ ದಾರಿ ಬೇರೆ. 1973ರ ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆ, ಬರುವ ಮುಂಚೆ ಕೆಳಗಿನ ಕೋರ್ಟುಗಳಲ್ಲಿ ಪೊಲೀಸರೇ ವಾದಿಸುತ್ತಿದ್ದರು. ಈಗ ಎಪಿಪಿಗಳು ಪರೀಕ್ಷೆ ಬರೆದು ಬರುತ್ತಾರೆ. ಸೆಷನ್ಸ್ ಕೋರ್ಟಿನ ಪಿಪಿಯನ್ನು ನೇಮಿಸುವುದು ಸರ್ಕಾರ. 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಅಷ್ಟೇ. ಸರ್ಕಾರ ನೇಮಿಸುತ್ತದೆ ಅನ್ನುವ ಎರಡು ಪದದೊಳಗೆ ಏನೇನಿದೆ ಅನ್ನುವುದಕ್ಕೆ ನಮ್ಮ ಬೆಂಗಳೂರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಜಯಲಲಿತಾ ಅವರ ಅಕ್ರಮ ಆಸ್ತಿ ಕೇಸು 2003ರಲ್ಲಿ ಚೆನ್ನೈಯಿಂದ ಬೆಂಗಳೂರಿಗೆ ಬಂದದ್ದು ಯಾಕೆ? ಆರೋಪಿಯೇ ಮುಖ್ಯಮಂತ್ರಿಯಾದಾಗ ಅವರದೇ ಸರ್ಕಾರದ ಪ್ರಾಸಿಕ್ಯೂಟರ್ ಕೇಸು ನಡೆಸಿದರೆ ಸಾಕ್ಷಿಗಳು ಹೇಗೆ ತಿರುಗುತ್ತಾರೆ ಅನ್ನುವುದು ಎಲ್ಲರೂ ಕಂಡಿದ್ದರು. ಇಲ್ಲಿ ಬಿ.ವಿ. ಆಚಾರ್ಯ ವಿಶೇಷ ಪ್ರಾಸಿಕ್ಯೂಟರ್ ಆಗಿ ವರ್ಷಗಟ್ಟಲೆ ಎಳೆದರು, 2012ರಲ್ಲಿ ಬಿಟ್ಟರು. ಭವಾನಿ ಸಿಂಗ್ ಬಂದರು. 2014ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶ ಮೈಕೆಲ್ ಡಿಕುನ್ಹಾ ನಾಲ್ಕು ವರ್ಷ ಜೈಲು, 100 ಕೋಟಿ ದಂಡ ಅಂದರು. ಮೇಲ್ಮನವಿ ಹೈಕೋರ್ಟಿಗೆ ಹೋದಾಗ ಭವಾನಿ ಸಿಂಗ್ ಅವರನ್ನು ಹಾಜರಾಗಲು ಹೇಳಿದ್ದು ತಮಿಳುನಾಡು. ಆ ಅಧಿಕಾರ ಕರ್ನಾಟಕದ್ದು, ಈ ನೇಮಕವೇ ಸರಿಯಲ್ಲ ಅಂತ ಸುಪ್ರೀಂ ಕೋರ್ಟು ಹೇಳುವ ಹೊತ್ತಿಗೆ ವಾದ ಮುಗಿದೇ ಹೋಗಿತ್ತು. ಲಿಖಿತ ವಾದ ಕೊಡಲು ಕರ್ನಾಟಕಕ್ಕೆ ಸಿಕ್ಕಿದ್ದು ಒಂದು ದಿನ. ಎರಡು ವಾರದಲ್ಲಿ ಖುಲಾಸೆ. 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ಖುಲಾಸೆ ರದ್ದು ಮಾಡಿತು. ಅಷ್ಟು ಹೊತ್ತಿಗೆ ಜಯಲಲಿತಾ ತೀರಿಕೊಂಡಿದ್ದರು, ಶಶಿಕಲಾ ಪರಪ್ಪನ ಅಗ್ರಹಾರಕ್ಕೆ ಹೋದರು. ಇಡೀ ಕೇಸು ಯಾರ ಕಡೆಯ ಪ್ರಾಸಿಕ್ಯೂಟರ್ ಅನ್ನುವ ಒಂದೇ ಗೂಟದ ಸುತ್ತ ತಿರುಗಿತು.

ಇನ್ನು ಕೇಸು ವಾಪಸ್ ತೆಗೆಯುವ ಹಬ್ಬ. 2020ರಲ್ಲಿ ಅಂದಿನ ಬಿಜೆಪಿ ಸರ್ಕಾರ ಶಾಸಕರು, ಸಂಸದರ ಮೇಲಿನವೂ ಸೇರಿ 61 ಕೇಸು ವಾಪಸ್ ತೆಗೆಯಲು ಹೊರಟಿತು, ಹೈಕೋರ್ಟು ತಡೆಯಿತು. 2024ರ ಅಕ್ಟೋಬರ್‌ನಲ್ಲಿ, ನಾನು ಇಲ್ಲಿ ಡಿಎ ಅಂಕಣ ತುಂಬುತ್ತಿದ್ದ ಅದೇ ತಿಂಗಳು, ಕಾಂಗ್ರೆಸ್ ಸರ್ಕಾರ ಹಳೇ ಹುಬ್ಬಳ್ಳಿ ಗಲಭೆಯದೂ ಸೇರಿ 43 ಕೇಸು ವಾಪಸ್ ಅಂದಿತು. 2025ರ ಮೇಯಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಕಾನೂನಿನ ಪುಸ್ತಕದಲ್ಲಿ ಕೇಸು ವಾಪಸ್ ತೆಗೆಯಬೇಕೋ ಬೇಡವೋ ಅಂತ ಸ್ವಂತ ಬುದ್ಧಿಯಿಂದ ತೀರ್ಮಾನಿಸಬೇಕಾದವರು ಪಿಪಿ, ಒಪ್ಪಬೇಕಾದದ್ದು ಕೋರ್ಟು. ನಿಜದಲ್ಲಿ ಸಂಪುಟ ಹೇಳುತ್ತದೆ, ಪಿಪಿ ಅರ್ಜಿ ಹಾಕುತ್ತಾರೆ. ಆ ಅರ್ಜಿಗೆ ಸಹಿ ಹಾಕುವ ಪಿಪಿ ಯಾರು, ಅವರ ಮನಸ್ಸಿನಲ್ಲಿ ಏನಿತ್ತು ಅಂತ ಯಾವ ಪೇಪರಿನಲ್ಲೂ ಬರುವುದಿಲ್ಲ. ಕೋರ್ಟಿನ ಒಪ್ಪಿಗೆ ಬೇಕು ಅನ್ನುವ ಒಂದು ಅಡ್ಡಗೋಡೆ ಇರುವುದರಿಂದ ಸ್ವಲ್ಪ ಉಳಿದಿದೆ. ಕೇಸೇ ಹಾಕದೆ ಬಿಡುವ ಇಲ್ಲಿಯ ಡಿಎಗೆ ಆ ಗೋಡೆಯೂ ಇಲ್ಲ.

ಹಾಗಾದರೆ ನಮ್ಮಲ್ಲೂ ಪಿಪಿ ಎಲೆಕ್ಷನ್ ಬರಲಿ ಅನ್ನಬೇಕಾ? ಕನ್ನಡ ಕೂಟದ ದೀಪಾವಳಿ ಊಟದಲ್ಲಿ ಒಬ್ಬರು ಹಾಗೆ ಅಂದರು. ನಾನು ಬೇಡವೇ ಬೇಡ ಅಂದೆ. ಜಾತಿ ಲೆಕ್ಕ, ದುಡ್ಡು, ಬಾಡೂಟ, ಅವೆಲ್ಲ ಎಲ್ಲರಿಗೂ ಹೊಳೆಯುವ ಮಾತು. ನನ್ನ ಹೆದರಿಕೆ ಬೇರೆ. 2019ರಲ್ಲಿ ಹೈದರಾಬಾದ್ ಹೊರವಲಯದಲ್ಲಿ ಅತ್ಯಾಚಾರ ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಜನ ಸೇತುವೆ ಮೇಲಿಂದ ಹೂ ಎರಚಿದರು. ಊರಲ್ಲಿ ನಮ್ಮ ಮನೆಯವರೂ ಖುಷಿಪಟ್ಟರು. 2022ರಲ್ಲಿ ಸಿರ್ಪೂರ್ಕರ್ ಆಯೋಗ ಪೊಲೀಸರ ಕಥೆಯನ್ನು ನಂಬಲಾಗದು ಅಂತ ವರದಿ ಕೊಟ್ಟಿತು. ಆ ವರದಿಗೆ ಯಾರೂ ಹೂ ಎರಚಲಿಲ್ಲ. ಆ ಹೂವಿನ ವಾರದಲ್ಲಿ ಓಟು ನಡೆದಿದ್ದರೆ ಯಾವ ಥರದ ಪಿಪಿ ಗೆಲ್ಲುತ್ತಿದ್ದರು ಅಂತ ಯೋಚಿಸಿ. ನಾನು ಓದಿದವನು, ಹೊಟ್ಟೆ ತುಂಬಿದವನು. ಒಂದು ಗಾಜಿನ ಚೂರಿಗೇ ನಾನು ಏನು ಮಾಡಿದೆ ಅಂತ ಹೇಳಿದ್ದೇನಲ್ಲ.

ಆರಿಸಿದವರನ್ನಾದರೂ ಕುರ್ಚಿಯಲ್ಲಿ ಬಿಡುತ್ತಾರಾ ಅಂದರೆ ಅದೂ ಇಲ್ಲ. ಫ್ಲೋರಿಡಾದಲ್ಲಿ ಗವರ್ನರ್ ಡಿಸ್ಯಾಂಟಿಸ್ 2022ರಲ್ಲಿ ಟ್ಯಾಂಪಾದ, 2023ರಲ್ಲಿ ಒರ್ಲ್ಯಾಂಡೊದ ಪ್ರಾಸಿಕ್ಯೂಟರ್‌ಗಳನ್ನು ಅಮಾನತು ಮಾಡಿದರು. ಒರ್ಲ್ಯಾಂಡೊದ ಮೋನಿಕ್ ವೊರೆಲ್ 2024ರಲ್ಲಿ ಮತ್ತೆ ನಿಂತು ಗೆದ್ದು ಬಂದರು. ಕ್ರಾಸ್ನರ್ ಅವರನ್ನೂ ಪೆನ್ಸಿಲ್ವೇನಿಯಾದ ಶಾಸಕರು ಇಳಿಸಲು ನೋಡಿದರು, ಆಗಲಿಲ್ಲ. ಅವರ ಊರಿನವರು 2025ರಲ್ಲಿ ಮೂರನೇ ಸಲ ಆರಿಸಿದರು.

ಚುನಾವಣೆ ಬೇಡ, ಆದರೆ ಚುನಾವಣೆಯ ಭಯದಿಂದ ಇಲ್ಲಿ ಹುಟ್ಟಿದ ಒಂದು ಅಭ್ಯಾಸ ನಮ್ಮ ಊರಿಗೆ ಬೇಕು. ಸ್ಯಾನ್ ಫ್ರಾನ್ಸಿಸ್ಕೊದಲ್ಲೋ ಫಿಲಡೆಲ್ಫಿಯಾದಲ್ಲೋ ಡಿಎ ಕಚೇರಿಯ ವೆಬ್‌ಸೈಟು ತೆರೆದರೆ ಎಷ್ಟು ಕೇಸು ಬಂತು, ಎಷ್ಟು ಹಾಕಿದರು, ಎಷ್ಟು ಬಿಟ್ಟರು ಅನ್ನುವ ಲೆಕ್ಕ ಕಾಣುತ್ತದೆ. ಯಾವ ನೀತಿ ಅಂತ ಬರೆದಿರುತ್ತಾರೆ. ಕೆಳಗೆ ಹೆಸರಿರುತ್ತದೆ. ನಮ್ಮ ತಾಲ್ಲೂಕು ಕೋರ್ಟಿನ ಗೋಡೆಯಲ್ಲಿ ಆ ಕೋರ್ಟಿನ ಎಪಿಪಿ ಹೆಸರು, ಅವರ ಕೈಯಲ್ಲಿರುವ ಕಡತ ಎಷ್ಟು, ಅದರಲ್ಲಿ ಸಾಕ್ಷಿ ಬಂದೂ ನಡೆಯದ ವಾಯ್ದೆ ಎಷ್ಟು ಅಂತ ಒಂದು ಬೋರ್ಡು ಹಾಕುವುದಕ್ಕೆ ಯಾವ ಕಾಯ್ದೆ ತಿದ್ದಬೇಕು? ಮೂವತ್ತು ಕಡತ ಕಂಕುಳಲ್ಲಿ ಹೊರುವ ಎಪಿಪಿಗೂ ಅದರಿಂದ ಉಪಕಾರವೇ. ಅವರ ಕಷ್ಟ ಆಗಲಾದರೂ ಯಾರ ಕಣ್ಣಿಗಾದರೂ ಬೀಳುತ್ತದೆ. ಕೇಸು ವಾಪಸ್ ತೆಗೆದರೆ ಸಹಿ ಹಾಕಿದವರು ತಮ್ಮ ಕಾರಣ ನಾಲ್ಕು ಸಾಲು ಕನ್ನಡದಲ್ಲಿ ಬರೆದು ಅದೇ ಗೋಡೆಗೆ ಅಂಟಿಸಲಿ.

ಇದನ್ನೆಲ್ಲ ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದ್ದೆ. ಮುಂದಿನ ವಾಯ್ದೆಗೆ ಹೋದಾಗ ಎಪಿಪಿ ಹೆಸರು ಕೇಳಿ ಅಂತಲೂ ಹೇಳಿದ್ದೆ. ಹೋದ ವಾರ ಫೋನ್ ಬಂತು.

"ಈ ಸಲ ಹೊಸ ಮೇಡಂ ಕಣಪ್ಪ. ನೀನು ಹೇಳಿದ್ಯಲ್ಲ ಅಂತ ಹೆಸರು ಕೇಳೇಬಿಟ್ಟೆ."

"ಏನಂದ್ರು?"

"ಯಾಕೆ ಯಜಮಾನ್ರೇ, ನನ್ ಮೇಲೆ ಅರ್ಜಿ ಬರೀತೀರಾ ಅಂದ್ರು."

"ಹೆಸರು ಹೇಳಿದ್ರಾ?"

"ಹೇಳಿದ್ರು, ಹೇಳಿದ್ರು. ಏನೋ ಲತಾ ಅಂತ ಕೊನೇಲಿ ಬರುತ್ತೆ, ಮರ್ತೋಯ್ತು. ವಾಯ್ದೆ ಮಾತ್ರ ಬರ್ಕೊಂಡು ಬಂದಿದೀನಿ. ಹದಿನೇಳನೇ ತಾರೀಕು."